ವೆಂಟಿಲೇಟರ್ ತೆಗೆಯೋ ಆದೇಶ ಬಂತು, ನೋವು ತೆಗೆಯೋ ಮಾತ್ರೆ ಎಲ್ಲಿ?



ಸ್ವಲ್ಪ ಉದ್ದ ಐತೆ, ದಯವಿಟ್ಟು ಪೂರ್ತಿ ಓದಿ.

2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಯಂತ್ರದ ಮೂಲಕ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹೇಗೆ ನಿಲ್ಲಿಸಬೇಕು, ಯಾವ ವೈದ್ಯರ ಮಂಡಳಿ ಅದನ್ನು ತೀರ್ಮಾನಿಸಬೇಕು ಅನ್ನೋದು ಅದರಲ್ಲಿ ಐತೆ. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಭಾಗ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ನಮ್ಮ ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಈ ಹಕ್ಕಿಗಾಗಿ ಎರಡು ದಶಕ ಹೋರಾಡಿದವರು. ಆದೇಶದ ಬಗ್ಗೆ ನನಗೆ ತಕರಾರಿಲ್ಲ.

ನನ್ನ ತಕರಾರು ಬೇರೆ. ಯಂತ್ರ ತೆಗೀಬೇಕು ಅಂದ್ರೆ ಮೊದಲು ಯಂತ್ರ ಹಾಕಿರಬೇಕಲ್ಲ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕಿನ ಕೇರಿಗಳಲ್ಲಿ ಎಷ್ಟು ಜನಕ್ಕೆ ಐಸಿಯು ಭಾಗ್ಯ ಐತೆ? ನಮ್ಮೋರು ಸಾಯೋದು ಜನತಾ ಮನೆಯ ಒಂದೇ ಕೋಣೆಯಲ್ಲಿ, ಚಾಪೆ ಮೇಲೆ, ಮಕ್ಕಳು ಮೊಮ್ಮಕ್ಕಳ ಕಣ್ಣೆದುರಿಗೆ, ರಾತ್ರಿಯೆಲ್ಲಾ ನರಳಿ ನರಳಿ. ಅವರಿಗೆ ತೆಗೀಬೇಕಾಗಿರೋದು ವೆಂಟಿಲೇಟರ್ ಅಲ್ಲ, ನೋವು.

ನಮ್ಮ ದೊಡ್ಡವ್ವಗೆ ಬಾಯಿ ಕ್ಯಾನ್ಸರ್ ಆಗಿತ್ತು. ಎಲೆ ಅಡಿಕೆ ಹೊಗೆಸೊಪ್ಪು ಹಾಕ್ಕೊಂಡು ಜೀವನಪೂರ್ತಿ ಕೂಲಿ ಮಾಡಿದ ಜೀವ. ದೊಡ್ಡ ಆಸ್ಪತ್ರೆಯೊಂದರಲ್ಲಿ "ಇನ್ನ ಏನೂ ಮಾಡಾಕ ಬರಲ್ಲಪ್ಪಾ, ಮನಿಗೆ ಕರ್ಕಂಡು ಹೋಗ್ರಿ, ಕೇಳಿದ್ದು ತಿನ್ನಾಕ ಕೊಡ್ರಿ" ಅಂದ್ರು. ಬಾಯೇ ತೆರೆಯೋಕಾಗದ ಮನುಷ್ಯಳಿಗೆ ಏನು ತಿನ್ನಾಕ ಕೊಡೋದು? ಚೀಟಿಯಲ್ಲಿ ಬರೆದುಕೊಟ್ಟಿದ್ದು ಪ್ಯಾರಾಸಿಟಮಾಲ್. ಗಾಯ ನಾರತೊಡಗಿದ ಮೇಲೆ, ಒಳಗೆ ಬಂದು ಕೂಡ್ತಿದ್ದ ಹೆಂಗಸರು ಬೀದಿಯಿಂದಲೇ ಮಾತಾಡಿಸಿ ಹೋಗೋಕೆ ಶುರು ಮಾಡಿದ್ರು. ಊರು ನಮ್ಮನ್ನ ಹೊರಗಿಟ್ಟಿತ್ತು, ಆ ವಾಸನೆ ಆಕೆಯನ್ನ ಕೇರಿಯಿಂದಲೂ ಹೊರಗಿಟ್ಟಿತು. ಮೆಟ್ರೊನಿಡಜೋಲ್ ಅನ್ನೋ ಅಗ್ಗದ ಔಷಧವನ್ನ ಡ್ರೆಸ್ಸಿಂಗ್ ಮಾಡುವಾಗ ಗಾಯಕ್ಕೆ ಹಾಕಿದ್ರೆ ಆ ವಾಸನೆ ಬಹಳ ಮಟ್ಟಿಗೆ ಇಳಿಯುತ್ತೆ. ಅಷ್ಟನ್ನ ಹೇಳಿಕೊಡೋಕೆ ನಮಗೆ ಒಬ್ಬರೂ ಸಿಗಲಿಲ್ಲ.

ಅದಕ್ಕೇ ಹೇಳ್ತೀನಿ, "ಏನೂ ಮಾಡಾಕ ಬರಲ್ಲ" ಅನ್ನೋ ಮಾತೇ ಸುಳ್ಳು. ರೋಗ ವಾಸಿ ಮಾಡೋಕೆ ಆಗದಿದ್ರೂ ರೋಗಿಗೆ ಮಾಡೋದು ಬೇಕಾದಷ್ಟಿದೆ. ಅದಕ್ಕೇ ಪ್ಯಾಲಿಯೇಟಿವ್ ಕೇರ್, ಉಪಶಾಮಕ ಆರೈಕೆ ಅನ್ನೋದು. ನೋವು ಎಷ್ಟಿದೆ ಅಂತ ಕೂತು ಕೇಳಿ ಅದಕ್ಕೆ ತಕ್ಕ ಔಷಧ ಕೊಡೋದು, ಉಸಿರಾಟದ ಸಂಕಟ ಇಳಿಸೋದು, ಮಲಗಿದಲ್ಲೇ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸೋದನ್ನ ಮನೆಯವರಿಗೆ ಕಲಿಸೋದು. ಎಲ್ಲಕ್ಕಿಂತ ಮುಖ್ಯ, ನಿಜ ಹೇಳೋದು. ನಿಜ ಹೇಳೋರಿಲ್ಲದೆ ನಮ್ಮ ಜನ ಕುರಿ ಮಾರಿ, ಸಂಘದ ಸಾಲ ತೆಗೆದು, ಒಂದು ಪ್ರೈವೇಟ್ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಹೆಣ ಮನೆಗೆ ಬರುತ್ತೆ, ಕಂತು ಕಟ್ಟಿಸ್ಕೊಳ್ಳೋರೂ ಮನೆಗೆ ಬರ್ತಾರೆ.

ಇದು ಕ್ಯಾನ್ಸರಿಗೆ ಮಾತ್ರ ಅಲ್ಲ. ಕಿಡ್ನಿ ಹೋದವರು, ಲಕ್ವ ಹೊಡೆದವರು, ಎಚ್‌ಐವಿ ಇರೋ ಮಾಜಿ ದೇವದಾಸಿ ತಾಯಂದಿರು, ಕಲ್ಲು ಒಡೆದು ಒಡೆದು ಶ್ವಾಸಕೋಶ ಕಳಕೊಂಡವರು, ಎಲ್ಲರಿಗೂ ಬೇಕು. ಕೊನೇ ವಾರದಲ್ಲಿ ಮಾತ್ರ ಅಲ್ಲ, ದೊಡ್ಡ ಕಾಯಿಲೆ ಗೊತ್ತಾದ ದಿನದಿಂದಲೇ, ಉಳಿದ ಚಿಕಿತ್ಸೆಯ ಜೊತೆಗೇ ಸಿಗಬೇಕು. ಜಗತ್ತಿನಲ್ಲಿ ಇದು ಬೇಕಾದವರ ಪೈಕಿ ಸುಮಾರು 14% ಜನಕ್ಕೆ ಮಾತ್ರ ಸಿಗ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಆ 14ರಲ್ಲಿ ನಮ್ಮ ಕೇರಿಯವರು ಎಷ್ಟು ಮಂದಿ ಇರಬಹುದು, ನೀವೇ ಲೆಕ್ಕ ಹಾಕಿ.

ಈಗ ಮಾರ್ಫಿನ್ ವಿಷಯ. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಂದ ನುಂಗೋ ಮಾರ್ಫಿನ್ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಮಾತ್ರೆ ದುಬಾರಿ ಅಲ್ಲ. ಅದನ್ನ ತಯಾರಿಸೋದು ಅಫೀಮಿನಿಂದ. ಆ ಅಫೀಮನ್ನ ಸರ್ಕಾರದ ಲೈಸೆನ್ಸ್ ಮೇಲೆ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಬೆಳೀತಾರೆ. ಹೊರದೇಶಕ್ಕೂ ಕಳಿಸ್ತಾರೆ. ನಮ್ಮ ದೇಶದ ಅಫೀಮು ಅಮೆರಿಕದವರ ನೋವು ತೆಗೀಬಹುದು, ಕೊಟ್ಟೂರಿನ ಕೇರಿಯ ಮುದುಕಿಯ ನೋವು ತೆಗೀಬಾರದಾ?

"ಕಾನೂನು ತೊಡಕು" ಅಂತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ತೊಡಕಿತ್ತು, ನಿಜ. ಆದ್ರೆ 2014ರಲ್ಲಿ ತಿದ್ದುಪಡಿ ಆಯ್ತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಆಸ್ಪತ್ರೆ ಮಾನ್ಯತೆ ಪಡೆದರೆ ಮಾರ್ಫಿನ್ ಇಟ್ಟುಕೊಂಡು ಕೊಡಬಹುದು. ನಾನು ಆಫೀಸಿನಲ್ಲಿ ಗುಮಾಸ್ತಿಕೆ ಮಾಡೋನು, ಕಾಗದದ ಕೆಲಸ ಎಷ್ಟು ಅಂತ ನನಗೆ ಗೊತ್ತಾಗುತ್ತೆ. ಒಂದು ಅರ್ಜಿ, ಒಬ್ಬ ತರಬೇತಾದ ಡಾಕ್ಟರು, ಬೀಗ ಹಾಕೋ ಒಂದು ಬೀರು, ಒಂದು ರಿಜಿಸ್ಟರ್. ಇಷ್ಟಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಾ?

ಇಷ್ಟು ಇಲ್ಲದ್ದಕ್ಕೇ ನಮ್ಮೋರು ಬೆಂಗಳೂರಿನ ಕಿದ್ವಾಯಿಗೆ ಓಡಬೇಕು. ಕೂಡ್ಲಿಗಿಯಿಂದ 250 ಕಿಲೋಮೀಟರಿಗೂ ಹೆಚ್ಚು. ಹುಣ್ಣಾದ ಮೈ ಹೊತ್ಕೊಂಡು, ಬಸ್ಸಿನ ಸೀಟಿನಲ್ಲಿ, ಮಾತ್ರೆಗಾಗಿ. ಜೊತೆಗೆ ಹೋದವರ ಕೂಲಿ ಬೇರೆ ಹೋಯ್ತು.

"ನಮ್ಮದು ಕೂಡು ಕುಟುಂಬದ ಸಂಸ್ಕೃತಿ, ಮನೆಯವರೇ ನೋಡ್ಕೊಳ್ತಾರೆ" ಅನ್ನೋ ಬುದ್ಧಿವಂತರೂ ಇದ್ದಾರೆ. ಮನೆಯವರು ಅಂದ್ರೆ ಯಾರು ಸ್ವಾಮಿ? ಹೆಂಡತಿ, ಸೊಸೆ, ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮಗಳು. ಒಬ್ಬರು ಹಾಸಿಗೆ ಹಿಡಿದ್ರೆ ಇನ್ನೊಬ್ಬಳ ಕೂಲಿ ನಿಂತುಹೋಗುತ್ತೆ. ಉಳ್ಳವರು ಹೋಮ್ ನರ್ಸ್ ಇಟ್ಕೊಳ್ತಾರೆ. ಇಲ್ಲದವರಿಗೆ ಸಂಸ್ಕೃತಿ!

ಇನ್ನು "ಕರ್ಮ, ಅನುಭವಿಸಲೇಬೇಕು" ಅನ್ನೋರಿಗೆ ನನ್ನ ಉತ್ತರ ಬುದ್ಧ. ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತೆ. ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವನ್ನ ಯಾರೂ ನೋಡಿರಲಿಲ್ಲ. ಯಾಕೆ ಅಂದ್ರೆ, ಅವನಿಂದ ಉಳಿದ ಭಿಕ್ಷುಗಳಿಗೆ ಏನೂ ಉಪಯೋಗವಿಲ್ಲ ಅಂತ. ಬುದ್ಧ, ಆನಂದನ ಜೊತೆ ಸೇರಿ, ತಾನೇ ಅವನ ಮೈ ತೊಳೆದು ಎತ್ತಿ ಮಲಗಿಸಿದ. ನಿನ್ನ ಕರ್ಮ ಅಂತ ಉಪದೇಶ ಮಾಡಲಿಲ್ಲ. ಬಾಬಾಸಾಹೇಬರು ನಮ್ಮನ್ನ ಕರಕೊಂಡು ಹೋಗಿದ್ದು ಈ ಬುದ್ಧನ ಹತ್ರ.

"ದುಡ್ಡಿಲ್ಲ" ಅನ್ನೋ ಮಾತಂತೂ ನಡೆಯೋಲ್ಲ. ನಾವು 371ಜೆ ಪ್ರದೇಶದವರು, ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5000 ಕೋಟಿ ಘೋಷಣೆ ಆಗುತ್ತೆ. ಗಣಿಯ ಡಿಎಂಎಫ್ ಹಣದಲ್ಲಿ ಆರೋಗ್ಯಕ್ಕೆ ಆದ್ಯತೆ ಕೊಡಬೇಕು ಅಂತ ನಿಯಮವೇ ಇದೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡು ಗ್ಯಾರಂಟಿಗೆ ಹರಿಯಿತು ಅಂತ ನಾವೇ ಬೀದಿಯಲ್ಲಿ ಕೂಗಿದ್ದೀವಿ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ಮಾಡಿ, ಪಂಚಾಯಿತಿ ಮೂಲಕ ನರ್ಸನ್ನ ರೋಗಿಯ ಮನೆಗೇ ಕಳಿಸ್ತಿದೆ. ಅಲ್ಲಿನ ಪಂಚಾಯಿತಿಗೆ ಆಗೋದು ಇಲ್ಲಿನ ಪಂಚಾಯಿತಿಗೆ ಯಾಕಾಗಲ್ಲ?

ನಮ್ಮ ಬೇಡಿಕೆ ಇಷ್ಟು:

1. ಐದೂ ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಾದ ಒಬ್ಬ ಡಾಕ್ಟರು, ಒಬ್ಬ ನರ್ಸ್. ವಾರಕ್ಕೊಂದು ನಿಗದಿ ದಿನ ಉಪಶಾಮಕ ಆರೈಕೆಯ ಓಪಿಡಿ.

2. ಐದಕ್ಕೂ ಮಾರ್ಫಿನ್ ಇಡುವ ಮಾನ್ಯತೆ. ಔಷಧ ಖಾಲಿ ಆಗದಂತೆ ಇಂಡೆಂಟ್.

3. ತಾಲ್ಲೂಕಿಗೊಂದು ಗಾಡಿ. ಹಾಸಿಗೆ ಹಿಡಿದವರ ಪಟ್ಟಿಯನ್ನ ಆಶಾ ಕಾರ್ಯಕರ್ತೆಯರು ಮಾಡಬೇಕು, ಆ ಕೆಲಸಕ್ಕೆ ಅವರಿಗೆ ಬೇರೆ ಸಂಭಾವನೆ ಕೊಡಬೇಕು. ಮನೆ ಭೇಟಿ ಕೇರಿ, ಹಟ್ಟಿ, ತಾಂಡಾಗಳಿಂದ ಶುರುವಾಗಬೇಕು.

4. ರೋಗಿಯನ್ನ ನೋಡ್ಕೊಳ್ಳೋಕೆ ಕೂಲಿ ಬಿಟ್ಟು ಮನೆಯಲ್ಲಿ ಉಳಿದವರಿಗೆ ತಿಂಗಳ ಭತ್ಯೆ.

ಸಂಗಾತಿಗಳೇ, "ಭೂಮಿ, ಒಳಮೀಸಲಾತಿ, ದೌರ್ಜನ್ಯ, ಇಷ್ಟೆಲ್ಲಾ ಇರುವಾಗ ಇದೊಂದು ಯಾಕೆ" ಅಂತ ಕೆಲವರು ಕೇಳಬಹುದು. ಸ್ಮಶಾನದ ಆರಡಿ ಮೂರಡಿ ಜಾಗಕ್ಕೆ ಹೆಣ ಇಟ್ಕೊಂಡು ತಾಲ್ಲೂಕು ಆಫೀಸಿನ ಮುಂದೆ ಕೂತ ಜನ ನಾವು. ಹೆಣಕ್ಕೆ ಘನತೆ ಕೇಳಿದೋರು, ಹೆಣವಾಗೋ ಮುಂಚಿನ ಆರು ತಿಂಗಳಿಗೂ ಕೇಳೋಣ. ಇದೂ ಅದೇ ಹೋರಾಟ.

ಮುಂದಿನ ಸಲ ತಹಶೀಲ್ದಾರ್‌ಗೆ, ಡಿಎಚ್‌ಒಗೆ, ಶಾಸಕರಿಗೆ ಮನವಿ ಕೊಡುವಾಗ ಈ ನಾಲ್ಕು ಸಾಲು ಸೇರಿಸಿ. ಸ್ವೀಕೃತಿ ಸಹಿ, ಸೀಲು ಹಾಕಿಸ್ಕೊಳ್ಳೋದು ಮರೀಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಇದೆಯಾ, ಮಾನ್ಯತೆಗೆ ಅರ್ಜಿ ಹಾಕಿದ್ದಾರಾ ಅಂತ ಆರ್‌ಟಿಐ ಹಾಕಿ. ಹತ್ತು ರೂಪಾಯಿ ಖರ್ಚು. ಬಂದ ಉತ್ತರವನ್ನ ಇಲ್ಲೇ ಕಮೆಂಟಿನಲ್ಲಿ ಹಾಕಿ, ಐದೂ ತಾಲ್ಲೂಕಿನದ್ದು ಒಟ್ಟು ಮಾಡಿ ಡಿಸಿ ಆಫೀಸಿಗೆ ಹೋಗೋಣ.

ಜೈ ಭೀಮ್. ಶೇರ್ ಮಾಡಿ.

#ನೋವಿಲ್ಲದೆಬದುಕುವಹಕ್ಕು #ಕೇರಿಗೂಉಪಶಾಮಕಆರೈಕೆ