ಬ್ಯಾಂಜೊ ಬಂದದ್ದು ತವರಿನಿಂದ

ಮನೆತನದ ಚರಿತ್ರೆ ಬರೆಯಲು ಕೂತವರ ಕೈಗೆ ಮೊದಲು ಸಿಗುವುದು ಎರಡು ಎಳೆ. ಒಂದು ಮನೆಯ ಹೆಸರು, ಇನ್ನೊಂದು ಮನೆಯ ಕಸುಬು. ಹೆಸರು ತಂದೆಯಿಂದ ಮಗನಿಗೆ ಇಳಿಯುತ್ತದೆ. ಕಸುಬಿನ ಗುರುತು ಪಹಣಿಯಲ್ಲಿ, ಪರವಾನಗಿಯಲ್ಲಿ, ಸಾಲದ ಪತ್ರದಲ್ಲಿ ಉಳಿಯುತ್ತದೆ. ಇವೆರಡನ್ನು ಹಿಡಿದು ನಡೆದರೆ ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಬಹುದು. ಆದರೆ ಆ ಮನೆಯಲ್ಲಿ ಹಾಡು ಇದ್ದರೆ ಅದು ಈ ದಾರಿಯಲ್ಲಿ ಸಿಗುವುದು ಕಡಿಮೆ. ಹಾಡು ಎಷ್ಟೋ ಸಲ ಹಿಂಬಾಗಿಲಿನಿಂದ, ಮದುವೆಯಾಗಿ ಬಂದ ಹೆಣ್ಣಿನ ಜೊತೆ ಒಳಗೆ ಬಂದಿರುತ್ತದೆ. ಬರೆದಿಟ್ಟ ಚರಿತ್ರೆ ಮುಂಬಾಗಿಲಿನ ಕಡೆಗೇ ನೋಡುತ್ತಿರುತ್ತದೆ.

ಅಮೆರಿಕದ ವರ್ಜೀನಿಯಾ ರಾಜ್ಯದ ಸ್ಟ್ಯಾನ್ಲಿ ಮನೆತನದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ರಾಜ್ಯದ ನೈರುತ್ಯ ಮೂಲೆಯಲ್ಲಿ, ಅಪಲೇಶಿಯನ್ ಬೆಟ್ಟಗಳ ನಡುವೆ ಡಿಕನ್‌ಸನ್ ಎಂಬ ಸಣ್ಣ ಜಿಲ್ಲೆಯಿದೆ. ರಾಜ್ಯದಲ್ಲಿ ಎಲ್ಲಕ್ಕಿಂತ ಕೊನೆಗೆ, 1880ರಲ್ಲಿ ರಚನೆಯಾದದ್ದರಿಂದ ಅದಕ್ಕೆ 'ವರ್ಜೀನಿಯಾದ ಕೂಸು' ಎಂಬ ಅಡ್ಡಹೆಸರು. ಕಿರಿದಾದ ಕಣಿವೆಗಳು, ನೆಲದಡಿಯಲ್ಲಿ ಕಲ್ಲಿದ್ದಲು, ನೆಲದ ಮೇಲೆ ಕಾಡು. ಅಲ್ಲಿ ಲೀ ಸ್ಟ್ಯಾನ್ಲಿ ಮರ ಕಡಿಸಿ ಸಾಮಿಲ್ ನಡೆಸುತ್ತಿದ್ದರು. ಹೆಂಡತಿ ಲೂಸಿ, ಸ್ಮಿತ್ ಮನೆತನದ ಹೆಣ್ಣುಮಗಳು. ಹಿಂದಿನ ಮದುವೆಯ ಮಕ್ಕಳೂ ಸೇರಿ ದೊಡ್ಡ ಸಂಸಾರ. ಇವರಿಬ್ಬರ ಮಕ್ಕಳು ಕಾರ್ಟರ್ ಮತ್ತು ರಾಲ್ಫ್. ಕಾರ್ಟರ್ ಹುಟ್ಟಿದ್ದು 1925ರ ಆಗಸ್ಟ್‌ನಲ್ಲಿ, ರಾಲ್ಫ್ 1927ರ ಫೆಬ್ರುವರಿಯಲ್ಲಿ.

ಈ ಅಣ್ಣತಮ್ಮಂದಿರು ಎರಡನೇ ಮಹಾಯುದ್ಧದ ಸೇನಾ ಸೇವೆ ಮುಗಿಸಿ 1946ರಲ್ಲಿ ತಮ್ಮದೇ ವಾದ್ಯತಂಡ ಕಟ್ಟಿದರು. ಅದೇ ವರ್ಷದ ಕೊನೆಗೆ ಬ್ರಿಸ್ಟಲ್ ಊರಿನ ರೇಡಿಯೊ ಕೇಂದ್ರದಿಂದ ಅವರ ಹಾಡು ಸುತ್ತಲಿನ ಬೆಟ್ಟದ ಊರುಗಳಿಗೆಲ್ಲ ಕೇಳತೊಡಗಿತು. ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರುಗಳ ಬ್ಲೂಗ್ರಾಸ್ ಸಂಗೀತದಲ್ಲಿ 'ಸ್ಟ್ಯಾನ್ಲಿ ಬ್ರದರ್ಸ್' ಎಂಬುದು ದೊಡ್ಡ ಹೆಸರಾಯಿತು. ಕಾರ್ಟರ್ 1966ರಲ್ಲಿ, 41ನೇ ವಯಸ್ಸಿಗೆ ತೀರಿಕೊಂಡರು. ರಾಲ್ಫ್ ಅನಂತರವೂ ಸುಮಾರು ಐವತ್ತು ವರ್ಷ ಹಾಡಿದರು. 2000ದಲ್ಲಿ ಬಂದ 'ಓ ಬ್ರದರ್, ವೇರ್ ಆರ್ಟ್ ದೌ?' ಸಿನಿಮಾಕ್ಕೆ ಯಾವ ವಾದ್ಯದ ನೆರವೂ ಇಲ್ಲದೆ ಅವರು ಹಾಡಿದ 'ಓ ಡೆತ್' ಹಾಡಿಗೆ 2002ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಆಗ ಅವರಿಗೆ 75 ವರ್ಷ. 2016ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಕೊಂಡಾಡಿದ್ದು ಸ್ಟ್ಯಾನ್ಲಿ ಎಂಬ ಹೆಸರನ್ನು. ಆ ಹೆಸರು ಸಾಮಿಲ್ ನಡೆಸುತ್ತಿದ್ದ ಅಪ್ಪನದು. ಬ್ಯಾಂಜೊ ಬಂದದ್ದು ಮಾತ್ರ ಬೇರೆ ಕಡೆಯಿಂದ.

ಆ ಕಾಲದ ಬೆಟ್ಟದೂರಿನ ಸಾಮಿಲ್ ಎಂದರೆ ಈಗ ಪೇಟೆಯ ಅಂಚಿನಲ್ಲಿ ತಗಡಿನ ಮಾಡಿನಡಿ ಕಾಣುವ ಮಿಲ್ ಅಲ್ಲ. ಉಗಿ ಎಂಜಿನ್, ದುಂಡು ಗರಗಸ, ದಿಮ್ಮಿಯನ್ನು ಗರಗಸದತ್ತ ದೂಡುವ ಗಾಡಿ, ಇಷ್ಟೇ. ಒಂದು ಕಣಿವೆಯ ಮರ ಮುಗಿದರೆ ಎಲ್ಲವನ್ನೂ ಬಿಚ್ಚಿ ಮುಂದಿನ ಕಣಿವೆಗೆ ಸಾಗಿಸುತ್ತಿದ್ದರು. ಮನೆಗೆ ಹಲಗೆ, ರೈಲಿಗೆ ಸ್ಲೀಪರ್, ಗಣಿಗೆ ಆಸರೆ ಕಂಬ ಅಲ್ಲಿಂದಲೇ ಹೋಗುತ್ತಿದ್ದವು. ಬೆರಳು ಕಳೆದುಕೊಂಡವರು ಯಾವ ಮಿಲ್ಲಿನಲ್ಲೂ ಅಪರೂಪವಲ್ಲ. ಈ ಹುಡುಗರು ಬೆಳೆಯುವ ಹೊತ್ತಿಗೆ ಆ ಕಾಡಿಗೂ ಕೇಡುಗಾಲ ಬಂದಿತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಒಂದು ಶಿಲೀಂಧ್ರ ರೋಗ ಬೆಟ್ಟದ ಸಾಲಿಡೀ ಹಬ್ಬಿ, 1940ರ ಸುಮಾರಿಗೆ ಬಲಿತ ಚೆಸ್ಟ್‌ನಟ್ ಮರಗಳನ್ನು ಹೆಚ್ಚುಕಡಿಮೆ ಪೂರ್ತಿ ಮುಗಿಸಿತು. ನಿಂತಲ್ಲೇ ಒಣಗಿದ ಮರಗಳನ್ನೂ ಮಿಲ್ಲುಗಳು ಕೊಯ್ದು ಮಾರಿದವು. ಸಾಮಿಲ್ ಹೊಟ್ಟೆ ತುಂಬಿಸಿದ್ದು ನಿಜ. ಅದು ತನ್ನ ಬುಡವನ್ನೇ ಕೊಯ್ಯುತ್ತ ಬದುಕುವ ಕಸುಬು ಎಂಬುದೂ ಅಷ್ಟೇ ನಿಜ.

ಈ ಕಸುಬು ಸಂಗೀತದಲ್ಲೂ ತನ್ನ ಹೆಸರು ಬಿಟ್ಟುಹೋಗಿದೆ. ಐದು ತಂತಿಯ ಬ್ಯಾಂಜೊಗೆ ಇರುವ ಹಲವು ಶ್ರುತಿಗಳಲ್ಲಿ ಒಂದಕ್ಕೆ 'ಸಾಮಿಲ್ ಟ್ಯೂನಿಂಗ್' ಎಂದೇ ಹೆಸರು. ಜಿ ಸ್ವರವನ್ನು ಷಡ್ಜವೆಂದು ಹಿಡಿದರೆ, ಸಾಮಾನ್ಯ ಶ್ರುತಿಯಲ್ಲಿ ಎರಡನೇ ತಂತಿ ಗಾಂಧಾರಕ್ಕೆ ಇರುತ್ತದೆ. ಸಾಮಿಲ್ ಶ್ರುತಿಯಲ್ಲಿ ಅದನ್ನು ಮಧ್ಯಮಕ್ಕೆ ಏರಿಸುತ್ತಾರೆ. ಬಿಟ್ಟ ತಂತಿಗಳಲ್ಲಿ ಗಾಂಧಾರವೇ ಇಲ್ಲದೆ ಷಡ್ಜ, ಮಧ್ಯಮ, ಪಂಚಮ ಮಾತ್ರ ಮೊಳಗುತ್ತವೆ. ಬೆಟ್ಟದ ಹಳೆಯ ಕತೆ ಹಾಡುಗಳಿಗೆ ಒಗ್ಗುವ ಒಂದು ಬಗೆಯ ಬರಿದುತನ ಆಗ ನಾದಕ್ಕೆ ಬರುತ್ತದೆ. ಆದರೆ ಶ್ರುತಿಯ ಹೆಸರಿನಲ್ಲಿ ಸಾಮಿಲ್ ಇದೆ ಎಂದ ಮಾತ್ರಕ್ಕೆ ಸ್ಟ್ಯಾನ್ಲಿ ಮನೆಯ ಬ್ಯಾಂಜೊ ಸಾಮಿಲ್‌ನಿಂದ ಬಂತು ಎಂದುಕೊಳ್ಳಬಾರದು. ಲೀ ಯಾವ ವಾದ್ಯವನ್ನೂ ನುಡಿಸುತ್ತಿರಲಿಲ್ಲ.

ನುಡಿಸುತ್ತಿದ್ದವರು ಲೂಸಿ. ಅವರಿಗೆ ಹನ್ನೊಂದು ಜನ ಒಡಹುಟ್ಟಿದವರು, ಅಷ್ಟೂ ಜನಕ್ಕೆ ಐದು ತಂತಿಯ ಬ್ಯಾಂಜೊ ನುಡಿಸಲು ಬರುತ್ತಿತ್ತು ಎಂದು ರಾಲ್ಫ್ ಹೇಳುತ್ತಿದ್ದರು. ಲೂಸಿ ನುಡಿಸುತ್ತಿದ್ದದ್ದು ವೇದಿಕೆಯ ಮೇಲಲ್ಲ, ನೆರೆಹೊರೆಯ ಕೂಟಗಳಲ್ಲಿ. ಅವರೆಕಾಯಿ ಸುಲಿಯಲು ಕೇರಿಯ ಹೆಂಗಸರು ಒಂದು ಜಗಲಿಯಲ್ಲಿ ಸೇರುವಂತೆ ಅಲ್ಲಿ ಬೀನ್ಸ್ ಕಾಯಿಯ ನಾರು ಬಿಡಿಸಲು ಜನ ಸೇರುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಮಾತು, ನಡುವೆ ಬ್ಯಾಂಜೊ. ಬೀಸುವ ಕಲ್ಲಿನ ಪದ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಇಂಥ ಸಂಗೀತಕ್ಕೆ ಟಿಕೆಟ್ ಇಲ್ಲ, ಸಂಭಾವನೆ ಇಲ್ಲ, ಆದ್ದರಿಂದ ದಾಖಲೆಯೂ ಇಲ್ಲ.

ರಾಲ್ಫ್‌ಗೆ ಮೊದಲ ಬ್ಯಾಂಜೊ ಸಿಕ್ಕಿದ ಬಗೆಯೂ ಹೀಗೆಯೇ. ಹುಡುಗನಿಗೆ ಹದಿನೈದೋ ಹದಿನಾರೋ ವಯಸ್ಸು. ಹಂದಿ ಬೇಕೋ ಬ್ಯಾಂಜೊ ಬೇಕೋ ಎಂದು ತಾಯಿ ಕೇಳಿದರು. ಎರಡಕ್ಕೂ ಐದೈದು ಡಾಲರ್, ಎರಡೂ ಕೊಳ್ಳುವಷ್ಟು ಅನುಕೂಲವಿರಲಿಲ್ಲ. ಹುಡುಗ ಬ್ಯಾಂಜೊ ಎಂದ. ಅದು ಲೂಸಿಯ ಅಕ್ಕತಂಗಿಯರಲ್ಲಿ ಒಬ್ಬರದು, ಆಗಲೇ ಹಳೆಯದಾಗಿತ್ತು. ಮನೆಯವರಿಗೆ ಒಂದು ಚಿಕ್ಕ ಅಂಗಡಿ ಇತ್ತು. ಆಕೆ ಐದು ಡಾಲರ್‌ಗೆ ಬದಲಾಗಿ ಆ ಅಂಗಡಿಯಿಂದ ದಿನಸಿ ಒಯ್ದರು ಎಂಬುದು ರಾಲ್ಫ್ ಅವರ ನೆನಪು. ಲೂಸಿ ಅದನ್ನು ಶ್ರುತಿ ಮಾಡಿ 'ಶೌಟ್ ಲಿಟ್ಲ್ ಲುಲು' ಎಂಬ ಒಂದು ಧಾಟಿ ನುಡಿಸಿ ತೋರಿಸಿದರು, ಮಗ ನೋಡಿ ಕಲಿತ. ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುತ್ತ ಹೆಬ್ಬೆರಳಿನಿಂದ ಗಿಡ್ಡ ತಂತಿ ಮೀಟುವ ಹಳೆಯ ಪದ್ಧತಿ ಅದು. ಮುಂದೆ ರಾಲ್ಫ್ ಮೂರು ಬೆರಳಿನ ಹೊಸ ಶೈಲಿಯಲ್ಲಿ ಹೆಸರು ಮಾಡಿದರೂ ತಾಯಿ ಕಲಿಸಿದ ರೀತಿಯನ್ನು ಕೈಬಿಡಲಿಲ್ಲ.

ಅಕ್ಕತಂಗಿಯರ ನಡುವೆ ಒಂದು ವಾದ್ಯ ಕೈ ಬದಲಿಸಿತು, ನೋಟು ಕೈ ಬದಲಿಸಲಿಲ್ಲ. ತಾಯಿ ಮಗನಿಗೆ ಒಂದು ಧಾಟಿ ಕಲಿಸಿದರು, ಗುರುದಕ್ಷಿಣೆಯಿಲ್ಲ. ರಾಲ್ಫ್ ದೊಡ್ಡ ಕಲಾವಿದರಾಗಿ ಬಾಳಿ, ಕೇಳಿದವರಿಗೆಲ್ಲ ಇದನ್ನು ಹೇಳದೆ ಇದ್ದಿದ್ದರೆ ಇಷ್ಟೂ ಅಳಿಸಿಹೋಗುತ್ತಿತ್ತು. ಮಿಲ್ಲಿನ ಯಜಮಾನನ ಹೆಸರು ಹೇಗೂ ಉಳಿಯುತ್ತಿತ್ತು. ಇದು ಯಾರೋ ಬೇಕೆಂದು ಮಾಡಿದ ಅನ್ಯಾಯವಲ್ಲ. ಕಾಸು, ಕಾಗದ, ಹೆಸರು ಇದ್ದ ಕಡೆಯನ್ನಷ್ಟೇ ನೋಡುವ ಚರಿತ್ರೆಯ ಅಭ್ಯಾಸ ಇದು. ಅಭ್ಯಾಸವಾದ್ದರಿಂದಲೇ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಹಾಗೆಂದು ಲೀ ಸ್ಟ್ಯಾನ್ಲಿಯವರನ್ನು ಬದಿಗೆ ತಳ್ಳಿದರೂ ಚರಿತ್ರೆ ಸುಳ್ಳಾಗುತ್ತದೆ. ವಾದ್ಯ ಬರದಿದ್ದರೂ ಅವರಿಗೆ ಕಂಠವಿತ್ತು. ಚರ್ಚಿನ ಹಾಡು, 'ಪ್ರೆಟಿ ಪಾಲಿ', 'ಓಮಿ ವೈಸ್'ನಂಥ ಕೊಲೆಯ ಕತೆ ಹಾಡುಗಳು, 'ಮ್ಯಾನ್ ಆಫ್ ಕಾನ್‌ಸ್ಟಂಟ್ ಸಾರೋ' ಇವನ್ನು ಅಪ್ಪನ ಬಾಯಲ್ಲೇ ಮೊದಲು ಕೇಳಿದ್ದಾಗಿ ರಾಲ್ಫ್ ಹೇಳಿದ್ದಾರೆ. ಕೊನೆಯದು ಅಪ್ಪನಿಗೆ ಪೂರ್ತಿ ಬರುತ್ತಿರಲಿಲ್ಲ, ಅರ್ಧಂಬರ್ಧ ಸಾಲುಗಳಷ್ಟೇ. ಮಕ್ಕಳು ಉಳಿದದ್ದನ್ನು ತುಂಬಿಸಿಕೊಂಡು 1950ರಲ್ಲಿ ರೆಕಾರ್ಡ್ ಮಾಡಿದರು. ಅರ್ಧ ಶತಮಾನದ ಮೇಲೆ ಅದೇ ಹಾಡು ಆ ಸಿನಿಮಾದ ಮೂಲಕ ಜಗತ್ತು ಸುತ್ತಿತು. ಮಕ್ಕಳು ಇನ್ನೂ ಹುಡುಗರಾಗಿದ್ದಾಗಲೇ ಲೀ ಮನೆ ಬಿಟ್ಟು ಹೋದರು. ಹೋದ ಅಪ್ಪ ಹೆಸರನ್ನೂ ಒಂದು ಮುರುಕು ಹಾಡನ್ನೂ ಬಿಟ್ಟುಹೋದರು, ಉಳಿದ ತಾಯಿ ಕೈಬೆರಳಿಗೆ ವಿದ್ಯೆ ಕೊಟ್ಟರು. ಪ್ರಾಮಾಣಿಕ ಮನೆತನದ ಚರಿತ್ರೆ ಇವೆರಡನ್ನೂ ಒಂದೇ ಪುಟದಲ್ಲಿ ಬರೆಯಬೇಕು. ಅಪ್ಪನ ಹೆಸರಿಗೆ ಅಧ್ಯಾಯ, ಅಮ್ಮನ ಹೆಸರಿಗೆ ಅಡಿಟಿಪ್ಪಣಿ ಎಂಬ ಹಂಚಿಕೆ ಸಲ್ಲದು.

ಮುಂಬೈ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳು ಈಗ ತಮ್ಮ ವಂಶವೃಕ್ಷ ಬರೆಸಿ, ಪುಸ್ತಕ ಮಾಡಿಸಿ, ಕುಟುಂಬದ ಸಮ್ಮಿಲನದಲ್ಲಿ ಹಂಚುತ್ತವೆ. ಊರಿಂದ ದೂರವಾದವರಿಗೆ ಬೇರಿನ ಹಂಬಲ ಹೆಚ್ಚು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಮರದ ಚಿತ್ರ ಬಿಚ್ಚಿ ನೋಡಿದರೆ ಕೊಂಬೆಗಳೆಲ್ಲ ಗಂಡುಮಕ್ಕಳದು. ಸೊಸೆಯಾಗಿ ಬಂದವರು ಒಂದು ಅಂಕಿತನಾಮವಾಗಿ ಗಂಡನ ಹೆಸರಿನ ಪಕ್ಕ ಅಂಟಿಕೊಂಡಿರುತ್ತಾರೆ, ತವರು ಯಾವುದು ಎಂಬುದೂ ಇರುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೊಂಬೆ ಅಲ್ಲಿಗೇ ಮೊಟಕು. ಅಜ್ಜಿ ಹೇಳುತ್ತಿದ್ದ ದೇವರನಾಮದ ಧಾಟಿ ಯಾರದು, ಸೋಬಾನೆ ಪದ ಯಾವ ಊರಿನಿಂದ ಬಂತು ಎಂದು ಕೇಳಿದರೆ ಆ ಚಿತ್ರದಲ್ಲಿ ಉತ್ತರವಿಲ್ಲ. ಗಂಗೂಬಾಯಿ ಹಾನಗಲ್ ಅವರ ಸಂಗೀತದ ಮೊದಲ ಎಳೆಯನ್ನು ಹುಡುಕುವವರು ಕರ್ನಾಟಕ ಸಂಗೀತ ಹಾಡುತ್ತಿದ್ದ ತಾಯಿ ಅಂಬಾಬಾಯಿಯವರ ಬಳಿಗೇ ಹೋಗಬೇಕು. ತಂದೆಯ ಕಡೆಯ ವಂಶಾವಳಿ ಹಿಡಿದು ಹೊರಟರೆ ಆ ಸಂಗೀತ ಸಿಗುವುದಿಲ್ಲ.

ತಾಯಿಯ ಕಡೆಯಿಂದ ಎಣಿಸುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ಬರುವುದೇ ತಾಯಿಯಿಂದ. ಮುಂಬೈಯಲ್ಲಿ ಮೂರು ತಲೆಮಾರಿನಿಂದ ಇರುವವರೂ ಮದುವೆ ಮಾತುಕತೆಯಲ್ಲಿ ಬಳಿ ಕೇಳುತ್ತಾರೆ. ಒಂದು ಸಮಾಜ ಆಸ್ತಿಗೂ ಸಂಬಂಧಕ್ಕೂ ತಾಯಿಯ ದಾರಿಯನ್ನು ಅಷ್ಟು ನಿಖರವಾಗಿ ನೆನಪಿಡಬಲ್ಲದಾದರೆ, ಹಾಡಿಗೂ ಅಡುಗೆಗೂ ಮದ್ದಿಗೂ ಕಸೂತಿಗೂ ನೆನಪಿಡುವುದು ಆಗದ ಮಾತಲ್ಲ.

ಇದಕ್ಕೊಂದು ಆಕ್ಷೇಪ ಬರಬಹುದು. ತಂದೆಯ ಜಾಗದಲ್ಲಿ ತಾಯಿಯನ್ನು ಕೂರಿಸಿದರೆ ಒಂದು ಪೂಜೆಯ ಬದಲು ಇನ್ನೊಂದು ಪೂಜೆ ಆಗುವುದಿಲ್ಲವೇ? ಆಕ್ಷೇಪ ನ್ಯಾಯವಾದದ್ದೇ. ಸ್ಮಿತ್ ಮನೆಯ ಹನ್ನೆರಡು ಜನ ನುಡಿಸುತ್ತಿದ್ದ ಬ್ಯಾಂಜೊ ಸ್ಮಿತ್ ಮನೆಯದೂ ಅಲ್ಲ. ಗುಲಾಮರಾಗಿ ಹಡಗೇರಿಸಲ್ಪಟ್ಟ ಆಫ್ರಿಕದ ಜನ ತಮ್ಮ ನೆಲದ ಸೋರೆಬುರುಡೆಯ ತಂತಿವಾದ್ಯಗಳ ನೆನಪಿನಿಂದ ಕಟ್ಟಿಕೊಂಡದ್ದು ಅದು. ಅವರಿಂದ ಬಿಳಿಯರು ಕಲಿತು, ಆಮೇಲೆ ಅದು ಬೆಟ್ಟದ ಬಿಳಿಯರದೇ ವಾದ್ಯ ಎಂಬ ಹಾಗಾಯಿತು. ಲೀ ಅರ್ಧಂಬರ್ಧ ಹಾಡುತ್ತಿದ್ದ 'ಮ್ಯಾನ್ ಆಫ್ ಕಾನ್‌ಸ್ಟಂಟ್ ಸಾರೋ' ಅವರ ಮನೆಯದಲ್ಲ. ಕೆಂಟಕಿಯ ಅಂಧ ಗಾಯಕ ಡಿಕ್ ಬರ್ನೆಟ್ 1913ರ ಸುಮಾರಿಗೇ ಅದನ್ನು ತಮ್ಮ ಹಾಡಿನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರು. ಹೀಗೆ ಹುಡುಕುತ್ತ ಹೋದರೆ ಹಾಡು ಮನೆಯ ಹೊಸ್ತಿಲು ದಾಟಿ, ಊರು ದಾಟಿ, ಸಮುದ್ರವನ್ನೂ ದಾಟುತ್ತದೆ.

ಆದರೆ ಈ ಆಕ್ಷೇಪ ತವರಿನ ದಾರಿಯನ್ನು ಮುಚ್ಚುವುದಿಲ್ಲ, ಇನ್ನಷ್ಟು ತೆರೆಯುತ್ತದೆ. ಯಾರ ಮಗ ಎಂಬ ಪ್ರಶ್ನೆಗೆ ಉತ್ತರ ಮನೆಯೊಳಗೇ ಮುಗಿಯುತ್ತದೆ. ಯಾರಿಂದ ಕಲಿತದ್ದು ಎಂಬ ಪ್ರಶ್ನೆ ಮೊದಲು ತಾಯಿಯ ಹತ್ತಿರ, ಆಮೇಲೆ ಚಿಕ್ಕಮ್ಮನ ಹತ್ತಿರ, ಆಮೇಲೆ ನೆರೆಮನೆಗೆ, ಕೊನೆಗೆ ಹೆಸರೂ ಗೊತ್ತಿಲ್ಲದ ಜನರ ಹತ್ತಿರ ಕರೆದೊಯ್ಯುತ್ತದೆ. ಮೊದಲ ಪ್ರಶ್ನೆಯಿಂದ ಹೆಮ್ಮೆ ಬೆಳೆಯುತ್ತದೆ, ಎರಡನೆಯದರಿಂದ ಋಣದ ಅರಿವು. ಮನೆತನದ ಪುಸ್ತಕದಲ್ಲಿ ಹೆಮ್ಮೆಗೆ ಎಷ್ಟು ಪುಟವೋ ಋಣಕ್ಕೂ ಅಷ್ಟು ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಮಾಡಬೇಕಾದದ್ದು ದೊಡ್ಡ ಸಂಶೋಧನೆಯೂ ಅಲ್ಲ. ವಂಶವೃಕ್ಷ ಬರೆಯುವವರು ಪ್ರತಿ ಹೆಸರಿನ ಮುಂದೆ ಎರಡು ಕಲಂ ಹೆಚ್ಚು ಹಾಕಿದರೆ ಸಾಕು: ತವರು ಯಾವುದು, ಯಾವ ವಿದ್ಯೆ ಯಾರಿಂದ ಬಂತು. ಬದುಕಿರುವ ಹಿರಿಯರ ಹತ್ತಿರ ಇವೆರಡನ್ನು ಈಗಲೇ ಕೇಳಿ ಬರೆದುಕೊಳ್ಳಬೇಕು, ಫೋನಿನಲ್ಲಿ ಆ ಧ್ವನಿಯನ್ನು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಜಮೀನಿನ ಕಾಗದ ಮುಂದಿನ ವರ್ಷವೂ ಸಿಗುತ್ತದೆ. ಎಂಬತ್ತೈದರ ಅಜ್ಜಿಗೆ ಧಾಟಿ ಕಲಿಸಿದ ಸೋದರತ್ತೆಯ ಹೆಸರು ಮುಂದಿನ ವರ್ಷ ಸಿಗುತ್ತದೆ ಎಂಬ ಭರವಸೆಯಿಲ್ಲ.

ಸ್ಟ್ಯಾನ್ಲಿ ಅಣ್ಣತಮ್ಮಂದಿರ ಸಮಾಧಿಗಳು ಡಿಕನ್‌ಸನ್ ಜಿಲ್ಲೆಯ ಒಂದು ಬೆಟ್ಟದ ನೆತ್ತಿಯಲ್ಲಿವೆ. ಅವರ ನೆನಪಿನ ಸಂಗೀತೋತ್ಸವ 1970ರ ದಶಕದಿಂದ ನಡೆದುಕೊಂಡು ಬಂದದ್ದೂ ಅಲ್ಲಿಯೇ. ಕಲ್ಲಿನ ಮೇಲೆ ಕೆತ್ತಿರುವ ಹೆಸರು ಸ್ಟ್ಯಾನ್ಲಿ. ಆ ಬೆಟ್ಟದ ಹೆಸರು ಸ್ಮಿತ್ ರಿಜ್.