ಕಲ್ಲಿನೊಳಗಿನ ನಾರು

ಆಸ್ಬೆಸ್ಟಾಸ್ ಎಂಬ ವಸ್ತುವಿಗೆ ಕನ್ನಡದಲ್ಲಿ 'ಕಲ್ನಾರು' ಎಂಬ ಹೆಸರುಂಟು. ಗ್ರೀಕಿನಿಂದ ಬಂದ ಮೊದಲ ಹೆಸರಿಗೆ 'ಆರದುದು', 'ನಂದದುದು' ಎಂದರ್ಥ. ಅದು ಹೊಗಳಿಕೆಯ ಹೆಸರು. ನಮ್ಮದು ಇದ್ದುದನ್ನು ಇದ್ದಂತೆ ಹೇಳುತ್ತದೆ: ನೋಡಲು ಕಲ್ಲು, ಬಿಡಿಸಿದರೆ ನಾರು. ಅಪಾಯವಿರುವುದು ಆ ನಾರಿನಲ್ಲಿಯೇ ಎಂಬುದನ್ನು ಕನ್ನಡದ ಅಧ್ಯಾಪಕನಾದ ನಾನು ಬಹುಕಾಲ ಅರಿಯದೆ ಹೋದೆ.

ಕೆಲವು ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಸೈಕಲ್ಲು ನಿಲ್ಲಿಸುವ ಹಳೆಯ ಕಟ್ಟಡದ ಚಾವಣಿಯನ್ನು ಕೆಡವಿದರು. ಇಬ್ಬರು ಕೂಲಿಯಾಳುಗಳು ಕಲ್ನಾರಿನ ಶೀಟುಗಳನ್ನು ಸುತ್ತಿಗೆಯಿಂದ ಒಡೆದು ಕೆಳಕ್ಕೆಸೆದರು. ಬೂದುಬಣ್ಣದ ಧೂಳೆದ್ದಿತು. ಅದನ್ನು ಗುಡಿಸಿರೆಂದು ನಾಲ್ವರು ವಿದ್ಯಾರ್ಥಿಗಳ ಕೈಗೆ ಪೊರಕೆ ಕೊಟ್ಟವನು ನಾನೇ. ಒಂದು ದಿನದ ಧೂಳಿನಿಂದ ಅವರಿಗೆ ಕೇಡು ಬಾರದಿರಲಿ ಎಂಬುದೇ ನನ್ನ ಹಾರೈಕೆ. ಆದರೆ ದಿನವೂ ಅದೇ ಕೆಲಸ ಮಾಡುವ ಕೂಲಿಯಾಳುಗಳ ಗತಿಯೇನು?

ಸಿಮೆಂಟಿನೊಡನೆ ಗಟ್ಟಿಯಾಗಿರುವ ತನಕ ಈ ನಾರು ಬಹುಮಟ್ಟಿಗೆ ಸೆರೆಯಲ್ಲಿರುತ್ತದೆ. ಕೊರೆದಾಗ, ಒಡೆದಾಗ, ಬಿಸಿಲು ಮಳೆಗಳಿಗೆ ಸವೆದಾಗ ಹೊರಬರುತ್ತದೆ. ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಡನೆ ಒಳಕ್ಕಿಳಿದು ಅಲ್ಲಿಯೇ ನೆಲೆಸುತ್ತವೆ. ಶ್ವಾಸಕೋಶವು ಗಡುಸಾಗುವ ರೋಗ, ಶ್ವಾಸಕೋಶದ ಕ್ಯಾನ್ಸರ್, ಅದರ ಹೊದಿಕೆಯ ಕ್ಯಾನ್ಸರ್ ಇವು ಅದರ ಫಲ. ಕ್ಯಾನ್ಸರು ತಲೆದೋರಲು 20ರಿಂದ 40 ವರ್ಷಗಳೇ ಹಿಡಿಯಬಹುದು. ಹೂವಿನೊಡನೆ ನಾರೂ ಸ್ವರ್ಗಕ್ಕೇರಿತೆಂಬ ಗಾದೆ ನಮ್ಮಲ್ಲುಂಟು. ಈ ನಾರು ಮಾತ್ರ ತನ್ನ ಸಂಗ ಮಾಡಿದವನನ್ನೇ ಕಾಲಕ್ಕೆ ಮುನ್ನ ಅಲ್ಲಿಗೆ ಅಟ್ಟುತ್ತದೆ.

ಇದು ನಿನ್ನೆ ಮೊನ್ನೆ ತಿಳಿದ ಸಂಗತಿಯಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕೆರ್ಷಾ ಎಂಬಾಕೆ 1924ರಲ್ಲಿ ತೀರಿಕೊಂಡಾಗಲೇ ವೈದ್ಯರು ಕಾರಣವನ್ನು ಕಂಡು ಬರೆದಿದ್ದರು. ಆ ದೇಶವು ಎಲ್ಲ ಬಗೆಯ ಕಲ್ನಾರಿನ ಬಳಕೆಯನ್ನು ನಿಷೇಧಿಸಿದ್ದು 1999ರಲ್ಲಿ. ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಅಂಗವೆಂದು ಸಾರಿ, ಕಲ್ನಾರಿನ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ನಿವೃತ್ತಿಯ ಬಳಿಕವೂ ಕಾಪಾಡಬೇಕೆಂದು ವಿಧಿಸಿತು. ಕೇರಳದ ಮಾನವ ಹಕ್ಕುಗಳ ಆಯೋಗವು 2009ರಲ್ಲಿ ಶಾಲೆಗಳ ಕಲ್ನಾರಿನ ಚಾವಣಿ ತೆಗೆದು ಹಂಚು ಹೊದಿಸಬೇಕೆಂದಿತು. ಇವು ಮೆಚ್ಚತಕ್ಕ ಯತ್ನಗಳು. ಆದರೆ ಚಾವಣಿ ಕೆಡಹುವ ದಿನಗೂಲಿಯವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ?

ಎಲ್ಲವನ್ನೂ ಇಂದೇ ಕಿತ್ತೊಗೆಯಿರಿ ಎಂದು ನಾನು ಹೇಳಲಾರೆ. ಅಗ್ಗವೆಂದು ಬಡವನು ಹೊದಿಸಿಕೊಂಡ ಸೂರದು. ಅಲ್ಲದೆ ಅವಸರದಲ್ಲಿ ಕೀಳುವುದೇ ಹೆಚ್ಚಿನ ಅಪಾಯ. ಹೊಸದಾಗಿ ಹೊದಿಸುವುದು ನಿಲ್ಲಲಿ. ಇರುವುದನ್ನು ಕೊರೆಯದೆ, ಉಜ್ಜದೆ ಬಿಡೋಣ. ತೆಗೆಯಲೇಬೇಕಾದಾಗ ನೀರಿನಿಂದ ನೆನೆಸಿ, ಇಡಿಯಾಗಿ ಬಿಚ್ಚಿ, ಭದ್ರವಾಗಿ ಸುತ್ತಿ ಸಾಗಿಸಬೇಕು; ಆ ಕೆಲಸವನ್ನು ತಕ್ಕ ಮುಖಕವಚ ತೊಟ್ಟ ಬಲ್ಲವರೇ ಮಾಡಬೇಕು. ಸರ್ಕಾರವು ಶಾಲೆಗಳಿಂದ ಆರಂಭಿಸಲಿ. ಬಡವನ ಮನೆಗೆ ಬದಲಿ ಚಾವಣಿಯ ವೆಚ್ಚವನ್ನು ಕೊಡಲಿ.

ಅಂದು ಪೊರಕೆ ಹಿಡಿದ ಆ ನಾಲ್ವರು ಇಂದು ಎಲ್ಲೆಲ್ಲಿರುವರೋ! ಅವರಲ್ಲೊಬ್ಬನಾದರೂ ಇದನ್ನೋದಿ, ಎಲ್ಲಿಯಾದರೂ ಶೀಟು ಒಡೆಯಲು ಎತ್ತಿದ ಸುತ್ತಿಗೆಯನ್ನು ತಡೆದನೆಂದರೆ, ಅಂದು ನಾನು ಹೇಳದೆ ಬಿಟ್ಟ ಪಾಠವನ್ನು ತಡವಾಗಿಯಾದರೂ ಹೇಳಿದಂತಾಗುತ್ತದೆ.