ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೊಸದಾಗಿ ವ್ಯಾಯಾಮ ಶುರುಮಾಡಿದವರು ಮೂರನೇ ವಾರಕ್ಕೆ ‘ಯಾಕೋ ತೂಕ ಇಳಿಯುವುದೇ ನಿಂತುಹೋಯಿತು’ ಎಂದು ಬಾಯಿ ಬಿಟ್ಟರೆ ಸಾಕು, ಈ ಗಾದೆ ಯಾವುದಾದರೊಂದು ರೂಪದಲ್ಲಿ ಅವರ ಮೇಲೆ ಬೀಳುತ್ತದೆ. ಟ್ರೈನರ್ ‘ಡೆಡಿಕೇಶನ್ ಸಾಲದು ಮೇಡಂ’ ಅನ್ನುತ್ತಾನೆ. ಮನೆಯವರು ಮೊನ್ನೆ ತಿಂದ ಹೋಳಿಗೆಯನ್ನು ನೆನಪಿಸುತ್ತಾರೆ. ಈ ಗಾದೆ ನೆಲವನ್ನು ಒಮ್ಮೆಯೂ ಬಗ್ಗಿ ನೋಡುವುದಿಲ್ಲ, ಕುಣಿಯುವವಳ ಮೇಲೇ ತಪ್ಪು ಹೊರಿಸಿ ಕೈತೊಳೆದುಕೊಳ್ಳುತ್ತದೆ. ನಾನಿಲ್ಲಿ ನೆಲವನ್ನೇ ನೋಡಬೇಕೆಂದಿದ್ದೇನೆ. ನೆಲ ಅಂದರೆ ತೂಕದ ಮಷೀನು, ಮತ್ತು ವಾರವಾರವೂ ನಮ್ಮನ್ನು ಅದರ ಮೇಲೆ ನಿಲ್ಲಿಸಿ ತೀರ್ಪು ಕೊಡುವ ಪದ್ಧತಿ.

ನನಗೆ ನಲವತ್ತೆರಡು ವರ್ಷ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಗೆ ಬಂದು ನಿಂತಿದೆ ಎಂದು ಗೊತ್ತಾಯಿತು. ನನ್ನ ಅಪ್ಪ ಇದೇ ಕಾಯಿಲೆಗೆ ಕಾಲಿನ ಎರಡು ಬೆರಳು ಕೊಟ್ಟವರು. ಹಾಗಾಗಿ ನಾನು ಜಿಮ್ಮಿಗೆ ಸೇರಿದ್ದು ಚಂದ ಕಾಣಲಿಕ್ಕಲ್ಲ, ಹೆದರಿಕೆಯಿಂದ. ಮೊದಲ ವಾರ 1.8 ಕಿಲೋ ಇಳಿಯಿತು. ಎರಡನೇ ವಾರ 200 ಗ್ರಾಂ. ಮೂರನೇ ವಾರ ಸೊನ್ನೆ. ನಾಲ್ಕನೇ ವಾರ 400 ಗ್ರಾಂ ಏರಿತು. ಪ್ರತಿ ಸೋಮವಾರ ಎಲ್ಲರ ತೂಕದ ಪಟ್ಟಿ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು. ಇಳಿದವರ ಹೆಸರು ಹಸಿರು, ಏರಿದವರದು ಕೆಂಪು. ನನ್ನ ಜೊತೆ ಸೇರಿದ ಹನ್ನೊಂದು ಹೆಂಗಸರಲ್ಲಿ ಐವರು ತಿಂಗಳು ತುಂಬುವ ಮೊದಲೇ ಬಿಟ್ಟರು. ಐವರೂ ಕೆಂಪಿನವರು. ನನ್ನ ಜಗಳ ಈ ಕೆಂಪು ಬಣ್ಣದ ಜೊತೆ.

ಮೊದಲು ಲೆಕ್ಕ ಹಾಕೋಣ. ನಮ್ಮ ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆದು, ಒಗ್ಗರಣೆಯ ಎಣ್ಣೆ ಸ್ವಲ್ಪ ಕಡಿಮೆ ಮಾಡಿ, ಸಂಜೆಯ ಬಜ್ಜಿ ಬಿಟ್ಟರೆ ದಿನಕ್ಕೆ ಒಂದು 300 ಕ್ಯಾಲರಿ ಉಳಿಯಿತು ಅನ್ನಿ. ವಾರಕ್ಕೆ 2,100. ಕೊಬ್ಬಿನ ಲೆಕ್ಕದಲ್ಲಿ ಇದು 270 ಗ್ರಾಂ. ಅಂದರೆ ಒಂದು ವಾರದ ಬೆವರು, ಸಂಯಮ ಎಲ್ಲ ಸೇರಿ ಮಷೀನಿನ ಮೇಲೆ ಒಂದು ಲೋಟ ನೀರಿನಷ್ಟು ತೂಗುತ್ತದೆ. ಅದೇ ಮೈಯಲ್ಲಿ ನೀರಿನ ಪ್ರಮಾಣ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕಿಲೋವರೆಗೂ ಏರಿಳಿಯುತ್ತದೆ. ಮದುವೆ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಹೊಡೆದು ಬಂದ ಮರುದಿನ ಬೆರಳಿನ ಉಂಗುರ ಬಿಗಿಯಾಗುವುದು ನಮಗೆಲ್ಲ ಗೊತ್ತು. ಒಂದು ಕಿಲೋ ಅಲುಗಾಡುವ ತಕ್ಕಡಿಯಲ್ಲಿ 270 ಗ್ರಾಂ ಹುಡುಕುವುದು ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳಲು ಹೊರಟ ಹಾಗೆ. ಕೇಳಿಸದಿದ್ದರೆ ಮಾತಾಡಿದವರ ತಪ್ಪೇ?

ಹಾಗಾದರೆ ಮೊದಲ ವಾರದ ಆ 1.8 ಕಿಲೋ ಎಲ್ಲಿಂದ ಬಂತು? ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಪಿಷ್ಟದಲ್ಲಿ ಒಂದು ಭಾಗವನ್ನು ಮೈ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ದೊಡ್ಡವರಲ್ಲಿ ಇದು ಒಟ್ಟು ಅರ್ಧ ಕಿಲೋ ಆಸುಪಾಸು. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ಕಡಿಮೆ ಮಾಡಿದ ಕೂಡಲೇ ಈ ಉಗ್ರಾಣ ಖಾಲಿಯಾಗತೊಡಗುತ್ತದೆ, ಹಿಡಿದಿಟ್ಟ ನೀರೂ ಹೊರಟುಹೋಗುತ್ತದೆ. ‘ಏಳು ದಿನದಲ್ಲಿ ಮೂರು ಕಿಲೋ’ ಎಂಬ ಫ್ಲೆಕ್ಸಿನ ಹಿಂದಿರುವ ಗುಟ್ಟು ಇಷ್ಟೇ. ಅಲ್ಲಿ ಕರಗುವುದು ಬಹುಪಾಲು ನೀರು.

ಮೂರನೇ ವಾರಕ್ಕೆ ಅದೇ ನೀರು ವಾಪಸು ಬರುತ್ತದೆ. ಅಭ್ಯಾಸವಿಲ್ಲದ ಸ್ನಾಯುಗಳಿಗೆ ಸ್ಕ್ವಾಟ್, ಡಂಬೆಲ್ ಎಂದು ಹೊಸ ಕೆಲಸ ಹಚ್ಚಿದಾಗ ಅವುಗಳ ಎಳೆಗಳಲ್ಲಿ ಸಣ್ಣ ಸಣ್ಣ ಹರಿತಗಳಾಗುತ್ತವೆ. ಮರುದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿದುಕೊಳ್ಳುವುದು ಅದಕ್ಕೇ. ರಿಪೇರಿ ನಡೆಯುವ ಜಾಗದಲ್ಲಿ ನೀರು ಸೇರುತ್ತದೆ. ಪಳಗುತ್ತಿರುವ ಸ್ನಾಯು ಮೊದಲಿಗಿಂತ ಹೆಚ್ಚು ಗ್ಲೈಕೋಜನ್ ಕೂಡಿಡಲು ಕಲಿಯುತ್ತದೆ, ಅದರ ಜೊತೆ ಮತ್ತಷ್ಟು ನೀರು. ಹೆಂಗಸರಿಗಾದರೆ ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ನೀರು ನಿಲ್ಲುವುದು ಸಾಮಾನ್ಯ. ನನ್ನ ನಾಲ್ಕನೇ ವಾರದ 400 ಗ್ರಾಂ ಆ ದಿನಗಳದ್ದೇ. ಮುಟ್ಟಿನ ವಿಷಯವನ್ನು ಹಿಂದೆ ಹೊರಜಗುಲಿಯಲ್ಲಿ ಕೂರಿಸಿ ಊರಿಗೆ ಸಾರುತ್ತಿದ್ದರು. ಈಗ ಕೆಂಪು ಬಣ್ಣ ಬಳಿದು ಗುಂಪಿಗೆ ಕಳಿಸುತ್ತಾರೆ.

ಇಲ್ಲಿ ವ್ಯಾಪಾರದ ಜಾಣತನವನ್ನು ಗಮನಿಸಿ. ಮೊದಲ ವಾರ ನೀರು ಹೋದಾಗ ಅದು ‘ನಮ್ಮ ಪ್ಯಾಕೇಜಿನ ರಿಸಲ್ಟ್’. ಮೂರನೇ ವಾರ ನೀರು ಬಂದಾಗ ಅದು ‘ನಿಮ್ಮ ಡೆಡಿಕೇಶನ್’. ಒಂದೇ ನೀರು; ಹೋಗುವಾಗ ಕೀರ್ತಿ ಅವರಿಗೆ, ಬರುವಾಗ ಅಪಕೀರ್ತಿ ನಮಗೆ. ವರ್ಷದ ಫೀಸು ಮುಂಗಡವಾಗಿ ಕಟ್ಟಿಸಿಕೊಂಡ ಮೇಲೆ ಕೆಂಪಿನವರು ಮನೆಯಲ್ಲಿ ಕೂತರೆ ಯಾರಿಗೂ ನಷ್ಟವಿಲ್ಲ.

ಸಮಾಧಾನ ಹೇಳುವವರ ಮೇಲೂ ನನಗೆ ತಕರಾರಿದೆ. ‘ಕೊಬ್ಬು ಹೋಗಿ ಸ್ನಾಯು ಬಂದಿದೆ, ಅದಕ್ಕೇ ತೂಕ ಇಳಿದಿಲ್ಲ’ ಅನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಮೂರು ವಾರದಲ್ಲಿ ಕಿಲೋಗಟ್ಟಲೆ ಸ್ನಾಯು ಬೆಳೆಯುವುದಿಲ್ಲ. ಅದು ತಿಂಗಳುಗಳ ಕೆಲಸ. ಸುಳ್ಳು ಸಮಾಧಾನ ಎರಡು ತಿಂಗಳಾದ ಮೇಲೆ ನಿಜವಾಗಿಯೂ ತಟ್ಟೆಯ ಕಡೆ ನೋಡಬೇಕಾದಾಗ ಕಣ್ಣು ಮುಚ್ಚಿಸುತ್ತದೆ.

ತಟ್ಟೆಯ ಮಾತು ಬಂದದ್ದರಿಂದ ಎದುರು ಪಕ್ಷದ ಬಲವಾದ ವಾದವನ್ನೂ ಹೇಳಿಬಿಡುತ್ತೇನೆ. 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಅಧ್ಯಯನ ಬಂತು. ‘ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ’ ಎನ್ನುತ್ತಿದ್ದವರನ್ನು ಪರೀಕ್ಷಿಸಿದಾಗ, ಅವರು ತಾವು ತಿಂದದ್ದನ್ನು ಸರಾಸರಿ 47ರಷ್ಟು ಶೇಕಡಾ ಕಡಿಮೆ ಮಾಡಿ ಹೇಳಿದ್ದರು. ನಿಜವೇ. ಬಡಿಸಿದ ತುಪ್ಪ, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಸಾರಿನ ರುಚಿ ನೋಡಿದ್ದು ಯಾರಿಗೂ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಆ ಅಧ್ಯಯನ ಇದ್ದದ್ದು ಬಹಳ ಸಲ ಪ್ರಯತ್ನಿಸಿ ಸೋತವರ ಬಗ್ಗೆ. ಅದನ್ನು ಹಿಡಿದು ಇಪ್ಪತ್ತೊಂದು ದಿನದ ಹಿಂದೆ ಶುರುಮಾಡಿದವರನ್ನೆಲ್ಲ ಸುಳ್ಳುಗಾರರ ಸಾಲಿಗೆ ನಿಲ್ಲಿಸುವುದು ನ್ಯಾಯವಲ್ಲ.

ಈ ಅನ್ಯಾಯದಿಂದ ನಿಜವಾದ ಅಪಾಯ ಹುಟ್ಟುತ್ತದೆ. ಕೆಂಪು ಬಣ್ಣ ಬಿದ್ದವಳಿಗೆ ಮುಂದಿನ ಸಲಹೆ: ರಾತ್ರಿ ಊಟ ಬಿಡಿ. ನಮ್ಮ ಗುಂಪಿನಲ್ಲಿ ಒಬ್ಬಾಕೆಗೆ ಬಂದದ್ದು ದಿನಕ್ಕೆ 900 ಕ್ಯಾಲರಿಯ ಪಟ್ಟಿ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಹಸಿವು ಮನುಷ್ಯನನ್ನು ಏನು ಮಾಡುತ್ತದೆಂದು ತಿಳಿಯಲು 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸರಾಸರಿ 1,600 ಕ್ಯಾಲರಿಗಿಂತ ಸ್ವಲ್ಪ ಕಡಿಮೆ. ಅವರು ಗಂಡಸರು, ವಾರಕ್ಕೆ ಹತ್ತಾರು ಮೈಲಿ ನಡೆಯುತ್ತಿದ್ದರು, ಹಾಗಾಗಿ ನೇರ ಹೋಲಿಕೆ ಸಲ್ಲದು. ಆದರೂ ಆದದ್ದನ್ನು ಕೇಳಿ. ಅವರಿಗೆ ಊಟದ ಹೊರತು ಬೇರೆ ಯೋಚನೆ ಉಳಿಯಲಿಲ್ಲ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಕಾದಂಬರಿಯಂತೆ ಓದತೊಡಗಿದರು. ಮನಸ್ಸು ಕುಗ್ಗಿತು. ಮತ್ತು ಕಾಲು ಬಾತುಕೊಂಡವು. ಹಸಿದ ಮೈ ನೀರು ಹಿಡಿದಿಟ್ಟಿತು. ಹೊಟ್ಟೆಗಿಲ್ಲದವನನ್ನೂ ಮಷೀನು ಸರಿಯಾಗಿ ತೂಗಲಾರದೆ ಹೋಯಿತು. ನೀರಿನಿಂದಾದ ಗೊಂದಲಕ್ಕೆ ಉಪವಾಸವೇ ಮದ್ದು ಎನ್ನುವವರು ಈ ಪ್ರಯೋಗವನ್ನು ಒಮ್ಮೆ ಓದಬೇಕು.

ಇಷ್ಟಕ್ಕೂ ನಮಗೆ ಬೇಕಾದದ್ದು ತೂಕವೇ? ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಹಾಕಿ ಒಂದು ಪುಟದ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ 21.2. ತಕ್ಕಡಿಗೆ ಇಬ್ಬರೂ ಒಂದೇ, ಕಾಯಿಲೆಗೆ ಒಂದೇ ಅಲ್ಲ. ನಮ್ಮ ದೇಶದವರು ಸಪೂರ ಕಾಣುತ್ತಲೇ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡಿರುತ್ತಾರೆ. ಅದಕ್ಕೇ ನಮ್ಮ ವೈದ್ಯರು ಸೊಂಟದ ಸುತ್ತಳತೆ ನೋಡಿ ಅನ್ನುವುದು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು.

ಇದಕ್ಕಿಂತ ದೊಡ್ಡ ಸಾಕ್ಷಿ ಚೆನ್ನೈನದು. 2006ರಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲಿತಾಂಶ ಪ್ರಕಟಿಸಿದರು. ನನ್ನ ಹಾಗೆ ಗಡಿಯಲ್ಲಿದ್ದ 531 ಜನ. ಅವರಲ್ಲಿ ಒಂದು ಗುಂಪಿಗೆ ಊಟದ ಶಿಸ್ತು, ನಡಿಗೆ ಹೇಳಿಕೊಟ್ಟರು. ಸುಮಾರು ಎರಡೂವರೆ ವರ್ಷದ ನಂತರ ನೋಡಿದರೆ ಆ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವ ಸಂಭವ ಶೇಕಡಾ 28.5ರಷ್ಟು ತಗ್ಗಿತ್ತು. ಅವರ ತೂಕ? ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಅವರಿಗೂ ವಾರವಾರ ಬಣ್ಣ ಬಳಿದಿದ್ದರೆ ಅರ್ಧ ಜನ ಮನೆಗೆ ಹೋಗಿ ಸಕ್ಕರೆ ಕಾಯಿಲೆ ತಂದುಕೊಳ್ಳುತ್ತಿದ್ದರೋ ಏನೋ.

ಕನ್ನಡದಲ್ಲಿ ತೂಕ ಎಂಬ ಮಾತಿಗೆ ಮರ್ಯಾದೆಯಿತ್ತು. ತೂಕದ ಮನುಷ್ಯ, ತೂಕದ ಮಾತು ಅನ್ನುತ್ತಿದ್ದೆವು. ನಮ್ಮಜ್ಜಿ ‘ಸೊರಗಿದ್ದೀಯಲ್ಲೇ ಮಗಾ’ ಎಂದು ಗಲ್ಲ ಸವರಿದರೆ ಅದು ಕಳವಳ. ಈಗ ಅದೇ ಮಾತನ್ನು ‘ಇಳಿದಿದ್ದೀರಲ್ಲ!’ ಎಂದು ಹೊಗಳಿಕೆಯಾಗಿ ಹೇಳುತ್ತೇವೆ, ಇಳಿದದ್ದು ವ್ಯಾಯಾಮದಿಂದಲೋ ಜ್ವರದಿಂದಲೋ ಎಂದೂ ಕೇಳದೆ. ಕಾಲೇಜಿನ ಹುಡುಗ ಹುಡುಗಿಯರು ನನ್ನ ಕಣ್ಣೆದುರೇ ಮಧ್ಯಾಹ್ನದ ಡಬ್ಬಿ ತೆರೆಯದೆ ಕೂರುವುದನ್ನು ನೋಡುತ್ತಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿರುವುದು.

ನಾನು ಮಷೀನು ಒಡೆಯಿರಿ ಅನ್ನುತ್ತಿಲ್ಲ. ಮೊದಲ ಎರಡು ತಿಂಗಳು ಅದಕ್ಕೆ ನ್ಯಾಯಾಧೀಶನ ಕುರ್ಚಿ ಕೊಡಬೇಡಿ ಅನ್ನುತ್ತೇನೆ. ಲಂಗದ ಲಾಡಿ ಎಷ್ಟು ಒಳಕ್ಕೆ ಬಂತು, ಮೂರನೇ ಮಹಡಿಯ ತರಗತಿಗೆ ಹತ್ತುವಾಗ ಎಲ್ಲಿ ನಿಲ್ಲಬೇಕಾಯಿತು, ರಾತ್ರಿ ನಿದ್ದೆ ಹೇಗಿದೆ ನೋಡಿಕೊಳ್ಳಿ. ತೂಗಲೇಬೇಕೆಂದರೆ ದಿನಾ ತೂಗಿ ತಿಂಗಳ ಸರಾಸರಿಯನ್ನು ತಿಂಗಳ ಸರಾಸರಿಗೆ ಹೋಲಿಸಿ. ಎರಡು ತಿಂಗಳಾದರೂ ಸೊಂಟವೂ ಸರಾಸರಿಯೂ ಅಲುಗದಿದ್ದರೆ ಆಗ ತಟ್ಟೆ ನೋಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಜಿಮ್ಮಿನವರಿಗೆ ನನ್ನ ಬೇಡಿಕೆ ಒಂದೇ: ಆ ಸೋಮವಾರದ ಪಟ್ಟಿಯನ್ನು ನಿಲ್ಲಿಸಿ. ಇನ್ನೊಬ್ಬರ ಮೈಯ ಲೆಕ್ಕ ಗುಂಪಿನ ಆಸ್ತಿಯಲ್ಲ.

ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ನಿಂತಿರುವುದು ಕೆಂಪು ರಕ್ತಕಣದ ಆಯುಸ್ಸಿನ ಮೇಲೆ. ಆ ಕಣ ಸುಮಾರು 120 ದಿನ ಬದುಕಿ, ಅಷ್ಟು ದಿನದ ಸಿಹಿಯನ್ನೂ ಮೈಗೆ ಹತ್ತಿಸಿಕೊಂಡಿರುತ್ತದೆ. ಮೂರು ತಿಂಗಳ ನಂತರ ನನ್ನದು 6.2ರಿಂದ 5.9ಕ್ಕೆ ಬಂತು. ತೂಕ ಇಳಿದದ್ದು ಒಟ್ಟು 2.3 ಕಿಲೋ, ಅದರಲ್ಲಿ ಬಹುಪಾಲು ಆರನೇ ವಾರದ ನಂತರ. ಗಡಿ ಇನ್ನೂ ದಾಟಿಲ್ಲ, ನಡೆಯುವುದು ಬಾಕಿಯಿದೆ. ಬಿಟ್ಟುಹೋದ ಐವರಲ್ಲಿ ಇಬ್ಬರು ಈಗ ಬೆಳಿಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ನನ್ನ ಜೊತೆ ನಡೆಯುತ್ತಾರೆ. ಅಲ್ಲಿ ಮಷೀನಿಲ್ಲ. ಮಿಕ್ಕ ಮೂವರಿಗೆ ಫೋನು ಮಾಡುತ್ತಲೇ ಇದ್ದೇವೆ.